ಮೈಲುತುತ್ತಿನ ಸಾಂದ್ರತೆ ಅಳೆಯೋಣ

ಬದಿಯಡ್ಕ ಕಡೆಯ ಮಕ್ಕಳಿಗೆ ಮೈಲುತುತ್ತು, ಅಂದರೆ ಕಾಪರ್ ಸಲ್ಫೇಟ್ ಹರಳು, ಹೊಸದಲ್ಲ. ಮಳೆಗಾಲ ಬಂತೆಂದರೆ ಅಡಿಕೆಗೆ ಬೋರ್ಡೋ ಮದ್ದು ಬಿಡಲು ಮನೆಯಲ್ಲಿ ಕರಗಿಸುವುದು ಇದನ್ನೇ. ಅದಕ್ಕೇ ಲ್ಯಾಬಿನಲ್ಲಿ ಸಾಂದ್ರತೆ ಅಳೆಯಲು ನಾನೂ ಇದನ್ನೇ ಕೊಡುತ್ತೇನೆ.

"ಟೀಚರ್, ನೀರಿಗೆ ಹಾಕಿ ಎಷ್ಟು ಏರಿತು ಅಂತ ನೋಡಿದ್ರೆ ಸಾಲದಾ?" ಸಾಲದು. ನೀರಲ್ಲಿ ಕರಗುತ್ತದಲ್ವಾ? ಕರಗದ ದ್ರವ ಬೇಕು. ಚಿಮಿಣಿ ಎಣ್ಣೆ ಆಗುತ್ತದೆ. ಹತ್ತಿರ ಬೆಂಕಿ ಮಾತ್ರ ಬೇಡ.

ಒಣಗಿದ ಡೆನ್ಸಿಟಿ ಬಾಟ್ಲಿಯನ್ನು (ಮುಚ್ಚಳದಲ್ಲಿ ಸಣ್ಣ ತೂತಿರುವ, ಸಾಂದ್ರತೆ ಅಳೆಯುವ ಗಾಜಿನ ಬಾಟ್ಲಿ) ಮುಚ್ಚಳ ಸಮೇತ ತೂಗಿ. ನಮ್ಮದು 18.40 ಗ್ರಾಂ. ಮೂರರಲ್ಲೊಂದು ಪಾಲು ಮೈಲುತುತ್ತು ಹಾಕಿದಾಗ 28.40. ಮೇಲೆ ಚಿಮಿಣಿ ಎಣ್ಣೆ ತುಂಬಿದಾಗ 44.88. ಬಾಟ್ಲಿ ತೊಳೆದು, ಒಣಗಿಸಿ, ಬರೀ ಚಿಮಿಣಿ ಎಣ್ಣೆ ತುಂಬಿದಾಗ 38.40. ಬಾಟ್ಲಿಯ ಗಾತ್ರ 25 ಮಿ.ಲೀ. ಅದನ್ನು ನೀರು ತುಂಬಿ ತೂಗಿ ಖಚಿತ ಮಾಡಿಕೊಳ್ಳಿ. 30 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಮಿ.ಲೀ.ಗೆ 0.996 ಗ್ರಾಂ; ನೀರಿನ ತೂಕವನ್ನು ಇದರಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ.

ಈಗ ಲೆಕ್ಕ. ಬರೀ ಎಣ್ಣೆ 20.00 ಗ್ರಾಂ ಹಿಡಿದಿತ್ತು, ಅಂದರೆ ಅದರ ಸಾಂದ್ರತೆ 0.80. ಹರಳಿದ್ದಾಗ ಹಿಡಿದದ್ದು 16.48. ಕಡಿಮೆಯಾದ 3.52 ಗ್ರಾಂ ಎಣ್ಣೆಯ ಜಾಗವನ್ನೇ ಹರಳು ತೆಗೆದುಕೊಂಡಿದೆ. ಆ ಜಾಗ 4.40 ಮಿ.ಲೀ. ಹರಳಿನ ತೂಕ ಹತ್ತು ಗ್ರಾಮನ್ನು ಅದರಿಂದ ಭಾಗಿಸಿದರೆ 2.27. ಪುಸ್ತಕದಲ್ಲಿರುವುದು 2.286.

ಈ ಕೊರತೆಗೆ ಹೆಚ್ಚಾಗಿ ಕಾರಣ ಗಾಳಿ. ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ. ನೀಲಿ ಹರಳುಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ. ಅವುಗಳ ಜಾಗವೂ ಹರಳಿನ ಲೆಕ್ಕಕ್ಕೆ ಸೇರುತ್ತದೆ, ಸಾಂದ್ರತೆ ಇಳಿಯುತ್ತದೆ. ಹಾಗಾಗಿ ಎಣ್ಣೆ ಒಮ್ಮೆಲೇ ತುಂಬಬೇಡಿ. ಹರಳು ಮುಳುಗುವಷ್ಟು ಹಾಕಿ, ಬಾಟ್ಲಿ ಓರೆ ಮಾಡಿ ಮೆಲ್ಲ ತಿರುಗಿಸಿ, ಬೆರಳಲ್ಲಿ ತಟ್ಟಿ, ಹತ್ತು ನಿಮಿಷ ಬಿಡಿ. ಮತ್ತೆ ತಟ್ಟಿ. ಗುಳ್ಳೆ ಬರುವುದು ನಿಂತ ಮೇಲೆ ತುಂಬಿ. ತೀರಾ ಪುಡಿ ಮಾಡಿದರೆ ಗಾಳಿ ಇನ್ನೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ. ಅಕ್ಕಿಕಾಳಿನಷ್ಟು ಹರಳು ಚೆಂದ.

ಬಾಟ್ಲಿಯನ್ನು ಕುತ್ತಿಗೆಯಲ್ಲಿ ಮಾತ್ರ ಹಿಡಿಯಿರಿ. ಅಂಗೈ ಬಿಸಿ ತಾಗಿದರೆ ಎಣ್ಣೆ ಹಿಗ್ಗಿ ಮುಚ್ಚಳದ ತೂತಿನಿಂದ ಹೊರಬರುತ್ತದೆ.

ಒಂದು ಜೂನ್‌ನಲ್ಲಿ ಹರಳು ತೇವವಾಗಿತ್ತೆಂದು ಓವನ್‌ಗೆ ಇಟ್ಟಿದ್ದೆ. ನೀಲಿ ಮಾಸಿ ಬೆಳ್ಳಗಾಯಿತು. ಹರಳಿನೊಳಗಿನ ನೀರೇ ಹೋದರೆ ಅದು ಬೇರೆಯೇ ವಸ್ತು. ಈಗ ಫಿಲ್ಟರ್ ಪೇಪರ್ ನಡುವೆ ಒತ್ತಿ ಒಣಗಿಸುತ್ತೇನೆ.

ಮುಗಿದ ಮೇಲೆ ಎಣ್ಣೆಯನ್ನು ಸೋಸಿ ಮುಂದಿನ ಬ್ಯಾಚಿಗೆ ಇಡಿ. ಎಣ್ಣೆಯಾಗಲಿ ಮೈಲುತುತ್ತಾಗಲಿ ಸಿಂಕಿಗೆ ಹೋಗಬಾರದು. ನಮ್ಮ ಲ್ಯಾಬಿನ ನೀರು ಹೋಗುವುದು ತೋಡಿಗೆ, ತೋಡಲ್ಲಿ ಮೀನಿದೆ.