ಓವಲ್ ಮೈದಾನ: ಬೆಳಿಗ್ಗೆ ಒಂದು ಬದಿ, ಸಂಜೆ ಇನ್ನೊಂದು

ಮುಂಬಯಿಗೆ ಬಂದ ಹೊಸತರಲ್ಲಿ ಊರಿನಿಂದ ಅಕ್ಕ, ಭಾವ ಬಂದಿದ್ದರು. ಒಂದೇ ದಿನದಲ್ಲಿ ಹದಿನಾಲ್ಕು ಜಾಗ ತೋರಿಸುವ ಬಸ್ಸು ಹತ್ತಿದೆವು. ರಾತ್ರಿ ಊಟಕ್ಕೆ ಕುಳಿತಾಗ ಭಾವ, “ಆ ಎತ್ತರದ ಗಡಿಯಾರದ ಗೋಪುರ ರೈಲ್ವೆಯವರದ್ದಾ, ಯೂನಿವರ್ಸಿಟಿಯದ್ದಾ?” ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಬಸ್ಸಿನ ಕಿಟಕಿಯಿಂದ ನಾವು ನೋಡಿದ್ದು ಕಟ್ಟಡಗಳ ಕೆಳಗಿನ ಹತ್ತಡಿ ಮಾತ್ರ.

ನಾನು ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವನು. ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನದ ನಡುವಿನ ಕಾಲುದಾರಿಯಲ್ಲಿ ದಿನವೂ ಹೋಗುತ್ತೇನೆ. ಒಂದು ಡಿಸೆಂಬರ್ ಸಂಜೆ ಬೇಗ ಹೊರಬಿದ್ದು ಹಿಂತಿರುಗಿ ನೋಡಿದರೆ, ಯೂನಿವರ್ಸಿಟಿಯ ಗಡಿಯಾರದ ಗೋಪುರ, ರಾಜಾಬಾಯಿ ಗೋಪುರ, ಬುಡದಿಂದ ತುದಿಯವರೆಗೆ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಅದೇ ಗೋಪುರ ಬರೀ ಬೂದು ನೆರಳು. ಯಾಕೆಂದು ಹೊಳೆಯಿತು: ಆ ಸಾಲಿನ ಕಟ್ಟಡಗಳ ಮುಖ ಪಶ್ಚಿಮಕ್ಕೆ, ಎದುರು ಸಾಲಿನದ್ದು ಪೂರ್ವಕ್ಕೆ. ಬಿಸಿಲು ಬೆಳಿಗ್ಗೆ ಒಂದು ಬದಿಯನ್ನು ತೋರಿಸಿದರೆ ಸಂಜೆ ಇನ್ನೊಂದನ್ನು. ಅಂದಿನಿಂದ ನನ್ನ ತಿರುಗಾಟಕ್ಕೆ ಇದೇ ಲೆಕ್ಕ. ಒಂದು ಸಲಕ್ಕೆ ಒಂದೇ ತುಂಡು ರಸ್ತೆ, ಅದನ್ನು ಎರಡು ಹೊತ್ತಿನಲ್ಲಿ ನೋಡುವುದು.

ಮೈದಾನ ಅಲ್ಲಿ ಹೇಗೆ ಉಳಿಯಿತು ಎಂದು ತಿಳಿದ ಮೇಲೆ ನೋಟವೇ ಬದಲಾಯಿತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಹಳೆಯ ಕೋಟೆಗೋಡೆ ಕೆಡವಿದರು. ಚರ್ಚ್‌ಗೇಟ್ ಆ ಗೋಡೆಯ ಒಂದು ಬಾಗಿಲಿನ ಹೆಸರು. ಬಾಗಿಲು ಇದ್ದ ಹತ್ತಿರವೇ ಈಗ ಫ್ಲೋರಾ ಫೌಂಟನ್ ಇದೆ. ಗೋಡೆ ಹೋದ ಬಯಲಿನ ಅಂಚಿನಲ್ಲಿ ಹೈಕೋರ್ಟು, ಯೂನಿವರ್ಸಿಟಿ, ಲೈಬ್ರರಿ ಸಾಲಾಗಿ ಎದ್ದವು, ಸಮುದ್ರಕ್ಕೆ ಮುಖ ಮಾಡಿ. ಆಗ ಮೈದಾನದಾಚೆ ರೈಲು ಹಳಿ, ಅದರಾಚೆ ನೀರು. ಆಮೇಲೆ ಬ್ಯಾಕ್‌ಬೇ ತುಂಬಿಸಿ ನೆಲ ಮಾಡಿದರು, 1930ರ ದಶಕದಲ್ಲಿ ಅಲ್ಲಿ ಆರ್ಟ್ ಡೆಕೊ ಎಂಬ ಆ ಕಾಲದ ಹೊಸ ಶೈಲಿಯ ಕಾಂಕ್ರೀಟಿನ ಮನೆಗಳು ಬಂದವು. ಎರಡು ಕಾಲ ಒಂದು ಹುಲ್ಲಿನ ಬಯಲಿನ ಎರಡು ದಡದಲ್ಲಿ ಎದುರುಬದುರು ನಿಂತಿವೆ. 2018ರಲ್ಲಿ ಯುನೆಸ್ಕೊ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಬಾರದು ಅಂತ ನನ್ನ ಹಟ.

ಭಾನುವಾರ ಬೆಳಿಗ್ಗೆ ಏಳರ ಒಳಗೆ ಡೆಕೊ ಸಾಲಿಗೆ ಹೋಗುತ್ತೇನೆ. ಕ್ರಿಕೆಟ್ ಹುಡುಗರು ಸ್ಟಂಪು ನೆಡುವ ಹೊತ್ತು. ಬಿಸಿಲು ಓರೆಯಾಗಿ ಬಿದ್ದಾಗ ಕಿಟಕಿಗಳ ಮೇಲಿನ ಸಜ್ಜಾ ಉದ್ದ ಗೆರೆಯಾಗಿ ಎದ್ದು ಕಾಣುತ್ತದೆ. ಬಾಲ್ಕನಿಗಳು ಹಡಗಿನ ಮೂತಿಯಂತೆ ಬಾಗಿವೆ, ಗೇಟಿನ ಕಬ್ಬಿಣದಲ್ಲಿ ಸೂರ್ಯನ ಕಿರಣ ಹರಡಿದೆ. ಹೆಸರು ಬರೆದ ಅಕ್ಷರಗಳನ್ನಂತೂ ತಪ್ಪಿಸಲೇಬಾರದು. ಒಂದರ ಹೆಸರು ‘ಕೋರ್ಟ್ ವ್ಯೂ’. ಎದುರಿಗೆ ಹೈಕೋರ್ಟು ಕಾಣುತ್ತದಲ್ಲ, ಅದಕ್ಕೆ.

ಸಂಜೆ ಕಲ್ಲಿನ ಸಾಲು. ನಾನು ಮುರಕಲ್ಲಿನ ಮನೆಯಲ್ಲಿ ಬೆಳೆದವನು, ಕಲ್ಲು ಕಂಡರೆ ಕೈ ತಾನಾಗಿ ಹೋಗುತ್ತದೆ. ಇಲ್ಲಿ ಭಾರ ಹೊರುವ ಕಡೆ ದಖ್ಖನ್ನಿನ ಕಪ್ಪು ಬಸಾಲ್ಟು, ಗೋಡೆಗೆ ಕುರ್ಲಾ ಕಡೆಯ ಹಳದಿ ಕಲ್ಲು, ಹೂಬಳ್ಳಿ ಕೆತ್ತುವ ಕಡೆ ಪೋರಬಂದರಿನ ಮೆದು ಸುಣ್ಣಕಲ್ಲು. ಮೆದು ಕಲ್ಲಿನಲ್ಲಿ ಎಲೆಯ ನರವನ್ನೂ ಕೆತ್ತಬಹುದು. ಆದರೆ ಉಪ್ಪುಗಾಳಿಗೆ ಸವೆಯುವುದೂ ಅದೇ ಮೊದಲು. ಸುಮಾರು 85 ಮೀಟರಿನ ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್, ಹೆಸರು ಅವರ ತಾಯಿಯದ್ದು. 1878ರಲ್ಲಿ ಮುಗಿದ ಈ ಗೋಪುರದಲ್ಲಿ ಎತ್ತರಕ್ಕೆ ಪಶ್ಚಿಮ ಭಾರತದ ಬೇರೆ ಬೇರೆ ಜನಗಳ ಕಲ್ಲಿನ ಮೂರ್ತಿಗಳಿವೆ. ಬರಿಗಣ್ಣಿಗೆ ಅವು ಬರೀ ಉಬ್ಬು. ಒಂದು ಸಣ್ಣ ದುರ್ಬೀನು ಕೊಂಡ ಮೇಲೆಯೇ ಪೇಟ, ಮುಖ ಕಂಡದ್ದು. ಕ್ಯಾಮೆರಾಕ್ಕಿಂತ ಮೊದಲು ದುರ್ಬೀನು ಕೊಳ್ಳಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.

ಡಿ.ಎನ್. ರೋಡಿನಲ್ಲಿ ಕಷ್ಟವೇ ಬೇರೆ. ಅಲ್ಲಿ ಫುಟ್‌ಪಾತ್ ಕಟ್ಟಡಗಳ ಕಮಾನುಗಳ ಕೆಳಗೇ ಸಾಗುತ್ತದೆ. ಮಳೆ-ಬಿಸಿಲಿಗೆ ಒಳ್ಳೆಯದು, ಆದರೆ ಯಾವ ಕಟ್ಟಡದ ಕೆಳಗೆ ನಡೆಯುತ್ತೀರೋ ಅದು ಕಾಣುವುದಿಲ್ಲ. ರಸ್ತೆ ದಾಟಿ ನಿಂತು ಆಚೆ ಬದಿಯದ್ದನ್ನು ನೋಡಬೇಕು. ರಸ್ತೆಯ ತುದಿಗೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳಬರ ಬಾಯಲ್ಲಿ ಇಂದಿಗೂ ವೀಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್. 1878ರಲ್ಲಿ ಶುರುವಾದ ಕೆಲಸಕ್ಕೆ ಹತ್ತು ವರ್ಷ ಹಿಡಿಯಿತು. ನಕ್ಷೆ ಎಫ್.ಡಬ್ಲ್ಯು. ಸ್ಟೀವನ್ಸ್ ಅವರದ್ದು, ಆದರೆ ಅಲ್ಲಿನ ನವಿಲು, ಮಂಗ, ಎಲೆಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ಇಲ್ಲಿನ ಹುಡುಗರ ಕೈ ಇದೆ. ಗೇಟಿನ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ: ಬ್ರಿಟನ್ನಿಗೆ ಅದು, ಭಾರತಕ್ಕೆ ಇದು.

ಎಂ.ಜಿ. ರೋಡಿನ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡಕ್ಕೆ ಮಾತ್ರ ಯಾವ ಪ್ರವಾಸದ ಬಸ್ಸೂ ನಿಲ್ಲುವುದಿಲ್ಲ. ನನಗೆ ಇದು ತುಂಬ ನೋವಿನ ವಿಷಯ. 1930ರ ದಶಕದ ಆ ಕಟ್ಟಡದ ಮೇಲೆ ಶಿಲ್ಪಿ ಎನ್.ಜಿ. ಪಾನ್ಸರೆ ಕೆತ್ತಿದ್ದು ರಾಣಿಯನ್ನಲ್ಲ, ರೋಮಿನ ದೇವತೆಯನ್ನೂ ಅಲ್ಲ; ನಮ್ಮ ರೈತರನ್ನು, ದುಡಿಯುವ ಹೆಂಗಸರನ್ನು. ಅಲ್ಲಿಂದ ಕಾಳಾಘೋಡಾಕ್ಕೆ ಸ್ವಲ್ಪವೇ ದಾರಿ. ಆ ಜಾಗಕ್ಕೆ ಹೆಸರು ತಂದ, ಎಡ್ವರ್ಡ್ ದೊರೆ ಕುಳಿತಿದ್ದ ಕಪ್ಪು ಕುದುರೆಯ ಪ್ರತಿಮೆಯನ್ನು 1965ರಲ್ಲಿ ತೆಗೆದು ಬೈಕಲಾಕ್ಕೆ ಸಾಗಿಸಿದರು, 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ಬಂತು. ಪಕ್ಕದಲ್ಲಿ 1952ರ ಜಹಾಂಗೀರ್ ಆರ್ಟ್ ಗ್ಯಾಲರಿ, ಒಳಗೆ ಹೋಗಲು ಕಾಸಿಲ್ಲ. ಅದು ಆಗಬೇಕೆಂದು ಹಟ ಹಿಡಿದವರಲ್ಲಿ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೂ ಒಬ್ಬರು. ಊರವರನ್ನು ಕರೆದೊಯ್ದಾಗ ಇದನ್ನು ಹೇಳದೆ ನಾನು ಬಾಗಿಲು ದಾಟುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅಪ್ಪ ಬಂದಿದ್ದರು. ಅವರು ಹದಿಮೂರರ ಪ್ರಾಯಕ್ಕೆ ಕುಂದಾಪುರ ಕಡೆಯಿಂದ ಬಂದು, ಇದೇ ಫೋರ್ಟ್‌ನ ಹೋಟೆಲಿನಿಂದ ಆಫೀಸುಗಳಿಗೆ ಚಾ ಹೊತ್ತವರು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ದುರ್ಬೀನು ಕೊಟ್ಟು ಪಾನ್ಸರೆಯವರ ರೈತರನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು.

“ಇದ್ರ ಬುಡದಗೇ ಓಡಾಡ್ತಿದ್ದೆ ಮಗಾ. ತಲೆ ಎತ್ತಿ ಕಾಂಬುಕೆ ಪುರ್ಸೊತ್ತ್ ಎಲ್ಲಿತ್ತ್?”

ಆಮೇಲೆ, “ಬಾ, ನಾನೊಂದ್ ತೋರ್ಸ್ತೆ” ಎಂದು ನನ್ನನ್ನು ಒಂದು ಗಲ್ಲಿಯೊಳಗೆ ಕರೆದೊಯ್ದರು. ಹಳೆಯ ಕಟ್ಟಡವೊಂದರ ಹಿಂಬದಿ, ನೀರಿನ ಪೈಪು, ಕತ್ತಲೆಯ ಮೆಟ್ಟಿಲು. ಚಾ ಹೊತ್ತು ಹತ್ತುತ್ತಿದ್ದ ದಾರಿ. ಬಗ್ಗಿ ಮುಟ್ಟಿ ನೋಡಿದೆ: ಅದೇ ಬಸಾಲ್ಟು, ಅಷ್ಟು ಗಟ್ಟಿ ಕಲ್ಲು, ಪ್ರತಿ ಮೆಟ್ಟಿಲಿನ ನಡುವೆ ಅಂಗೈಯಷ್ಟು ಅಗಲಕ್ಕೆ ಸವೆದು ತಗ್ಗಾಗಿತ್ತು. ಅಪ್ಪ ಕೈಚಾಚಿ ಗೋಡೆ ಹಿಡಿದುಕೊಂಡು, ನೋಡದೆಯೇ, ಆ ತಗ್ಗಿನಲ್ಲಿ ಕಾಲಿಟ್ಟು ನಾಲ್ಕು ಮೆಟ್ಟಿಲು ಹತ್ತಿದರು.