ಸರಕು, ಸೇವೆ ಹೇಳಿಕೊಡೋಕೆ ಹಿಟ್ಟಿನ ಗಿರಣಿ ಸಾಕು
ಸರಕು ಮುಟ್ಟೋಕೆ ಸಿಗುತ್ತೆ, ಸೇವೆ ಸಿಗಲ್ಲ ಅಂತ ಬಾಯಿಪಾಠ ಮಾಡಿಸಿದರೆ ಮಕ್ಕಳ ತಲೆಗೆ ಹೋಗಲ್ಲ. ಒಂದು ಸಲ ಗಿರಣಿಗೆ ಕರ್ಕೊಂಡು ಹೋಗಿ. ನಾನು ಮಗಳ ಕೈಗೇ ರಾಗಿ ಡಬ್ಬ ಕೊಟ್ಟಿದ್ದೆ. ಬಿಸಿ ಬಿಸಿ ಹಿಟ್ಟು ತುಂಬಿಸಿಕೊಂಡು ದುಡ್ಡು ಕೊಡುವಾಗ, "ರಾಗಿ ನಮ್ದೇ ಅಲ್ವಾ ಅಮ್ಮ, ದುಡ್ಡು ಯಾಕೆ?" ಅಂದಳು. ಈ ಪ್ರಶ್ನೆ ಬಂದರೆ ಅರ್ಧ ಪಾಠ ಆದಂತೆಯೇ! ಅಂಗಡಿಯಲ್ಲಿ ಕೊಂಡ ರಾಗಿ ಸರಕು, ಬೀಸಿಕೊಟ್ಟ ಕೆಲಸ ಸೇವೆ.

ಹೈಸ್ಕೂಲ್ ಮಕ್ಕಳಾದರೆ ಜಿಎಸ್‌ಟಿ ಬಿಲ್ ತೋರಿಸಿ. ಸೇವೆಗಳ ಕೋಡ್ 99ರಿಂದ ಶುರುವಾಗುತ್ತೆ. ಮೊಬೈಲ್ ಬಿಲ್‌ನಲ್ಲಿ 9984 ಹುಡುಕೋಕೆ ಹೇಳಿ. ಹೋಟೆಲಲ್ಲಿ ತಿಂದ ದೋಸೆಯೂ ಜಿಎಸ್‌ಟಿ ಲೆಕ್ಕದಲ್ಲಿ ಸೇವೆಯೇ, ಕೋಡ್ 9963. ದೋಸೆ ಕೈಗೆ ಸಿಗುತ್ತಲ್ಲ ಅಂತ ಮಕ್ಕಳು ವಾದಕ್ಕೆ ಬಂದೇ ಬರ್ತಾರೆ. ವಾದ ಮಾಡಲಿ, ತಡೀಬೇಡಿ.