ಮುತ್ತಾತನ ಕಾಲುಪಟ್ಟಿ ಹೇಳಿದ ಕಥೆ

ಪೇಪರಿನಲ್ಲಿ ಹೈಫಾ ದಿನದ ಸುದ್ದಿ ಬಂದಾಗಲೆಲ್ಲ ನಮ್ಮ ದೊಡ್ಡಪ್ಪ ಗೋಡೆಯ ಫೋಟೊ ಕಡೆ ಕೈ ತೋರಿಸಿ, "ನಮ್ಮ ತಾತನೂ ಅಲ್ಲೇ ಇದ್ದದ್ದು, ಭರ್ಜಿ ಹಿಡಕೊಂಡು ಬೆಟ್ಟ ಹತ್ತಿದವರು" ಅನ್ನುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಪ್ಯಾಲೆಸ್ಟೈನಿನ ಹೈಫಾ ಊರಿನ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದದ್ದು, ಜೋಧಪುರದ ಸವಾರರು ಊರೊಳಗೆ ನುಗ್ಗಿದ್ದು ಎಲ್ಲ ನಿಜ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವೂ ಇದೆ. ನಮ್ಮ ಮುತ್ತಾತ ಅಲ್ಲಿದ್ದರು ಅನ್ನೋದಕ್ಕೆ ಮಾತ್ರ ದೊಡ್ಡಪ್ಪನ ಬಾಯಿಮಾತು ಬಿಟ್ಟರೆ ಇದ್ದದ್ದು ಈ ಒಂದು ಫೋಟೊ. ಹಿಂದುಗಡೆ ಈಚಲಮರಗಳು, ಒಂದು ನೀರಿನ ಹೊಂಡ. "ನೋಡು, ಪ್ಯಾಲೆಸ್ಟೈನು!"

ಲಾಕ್‌ಡೌನ್ ಸಮಯದಲ್ಲಿ ಅದನ್ನು ಚೌಕಟ್ಟಿನಿಂದ ಬಿಚ್ಚಿದೆ. ಗಾಜಿಗೆ ಒಂದು ಮೂಲೆ ಅಂಟಿಕೊಂಡಿತ್ತು. ಆ ಮೂಲೆಯನ್ನು ಎಳೆಯದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿದ್ದು ನಾನು ಮಾಡಿದ ಬುದ್ಧಿವಂತ ಕೆಲಸ. ದಡ್ಡ ಕೆಲಸ ಮಾಡಿದ್ದು ಆಮೇಲೆ. ಅಣ್ಣನ ಮಗ ಫೋನಿನ ಯಾವುದೋ ಆ್ಯಪ್‌ನಲ್ಲಿ ಫೋಟೊ "ಕ್ಲಿಯರ್" ಮಾಡಿಕೊಟ್ಟ. ಮುಖ ಸಿನಿಮಾ ಹೀರೋ ಥರ ಹೊಳೆಯಿತು, ಭುಜದ ಮೇಲೆ ಎರಡು ತಲೆಯ ಹಕ್ಕಿಯಂಥದ್ದು ಮೂಡಿತು. ಗಂಡಭೇರುಂಡ! ಮೈಸೂರು ಸೇನೆ ಅನ್ನೋದಕ್ಕೆ ಇನ್ನೇನು ಬೇಕು ಅಂತ ಮನೆಯವರಿಗೆಲ್ಲ ಕಳಿಸಿಬಿಟ್ಟೆ. ಎರಡು ದಿನ ಬಿಟ್ಟು ಮೂಲ ಫೋಟೊ ಮೇಲೆ ಭೂತಗನ್ನಡಿ ಇಟ್ಟರೆ ಅಲ್ಲಿ ಹಿತ್ತಾಳೆಯ ಒಂದು ಮಸುಕು ಮಚ್ಚೆ, ಅಷ್ಟೆ. ಹಕ್ಕಿ ಹುಟ್ಟಿದ್ದು ಆ್ಯಪ್‌ನ ಹೊಟ್ಟೆಯಲ್ಲಿ. ಅವತ್ತಿನಿಂದ ಮೂಲ ಸ್ಕ್ಯಾನ್ ಬಿಟ್ಟು ಬೇರೆ ಯಾವುದನ್ನೂ ನಂಬುತ್ತಿಲ್ಲ.

ಬ್ಯಾಡ್ಜು ಕೈಕೊಟ್ಟ ಮೇಲೆ ಪಾದದಿಂದ ಶುರು ಮಾಡಿದೆ. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಅಲ್ಲೇ. ಆ ಕಾಲದ ಸಿಪಾಯಿಗಳು ಮೊಣಕಾಲಿನ ಕೆಳಗೆ ಉದ್ದನೆಯ ಬಟ್ಟೆಪಟ್ಟಿ ಸುತ್ತುತ್ತಿದ್ದರು. ಕಾಲಾಳುಗಳು ಅದನ್ನು ಹರಡಿನಿಂದ ಮೇಲಕ್ಕೆ ಸುತ್ತಿ ಲಾಡಿಯನ್ನು ಮೊಣಕಾಲ ಕೆಳಗೆ ಕಟ್ಟುತ್ತಿದ್ದರು. ಕುದುರೆ ಸವಾರರದು ಉಲ್ಟಾ, ಮೇಲಿಂದ ಕೆಳಕ್ಕೆ ಸುತ್ತಿ ಲಾಡಿ ಹರಡಿನ ಹತ್ತಿರ. ನಮ್ಮ ಮುತ್ತಾತನ ಲಾಡಿ ಮೊಣಕಾಲ ಕೆಳಗಿದೆ. ಬೂಟಿಗೆ ಕುದುರೆಯನ್ನು ತಿವಿಯುವ ಸ್ಪರ್ ಇಲ್ಲ, ಎದೆಗೆ ಅಡ್ಡವಾಗಿ ತೋಟಾಪಟ್ಟಿ ಇಲ್ಲ, ಸೊಂಟಕ್ಕೊಂದು ಬೆಲ್ಟು ಮಾತ್ರ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಏನಾದರೂ ಸಬೂಬು ಹೇಳಬಹುದು. ಮೂರೂ ಒಟ್ಟಿಗೆ ಸೇರಿದಾಗ ಕುದುರೆಯನ್ನು ಮರೆಯಲೇಬೇಕಾಯಿತು.

ಫೋಟೊ ಉಲ್ಟಾ ಅಚ್ಚಾಗಿದೆಯೇ ಅಂತಲೂ ನೋಡಿದೆ. ಗಂಡಸರ ಕೋಟಿನಲ್ಲಿ ಎಡಗಡೆ ಅಂಚು ಬಲಗಡೆಯದರ ಮೇಲೆ ಬರಬೇಕು. ಬಂದಿತ್ತು.

ನಮ್ಮನ್ನು ಇಷ್ಟು ವರ್ಷ ಹೆಚ್ಚು ಮೋಸಗೊಳಿಸಿದ್ದು ತಲೆ. ಎಲ್ಲರೂ ಅದನ್ನು ರುಮಾಲು ಅಂದುಕೊಂಡಿದ್ದರು. ಕಿಟಕಿಯ ಓರೆ ಬೆಳಕಿನಲ್ಲಿ ಹಿಡಿದರೆ ಅಲ್ಲಿ ಸುತ್ತಿನ ಮೇಲೆ ಸುತ್ತು ಕಾಣಲಿಲ್ಲ. ನೆಟ್ಟಗೆ ನಿಂತ, ಮೇಲೆ ಚಪ್ಪಟೆಯಾದ, ಮುಂದೆ ಅಂಚಿಲ್ಲದ ಟೋಪಿ, ಅಕ್ಕಿ ಅಳೆಯುವ ಪಾವು ಬೋರಲು ಹಾಕಿದ ಹಾಗೆ. ಗೂರ್ಖಾಗಳದೂ ದುಂಡು ಟೋಪಿಯೇ, ಆದರೆ ಗಿಡ್ಡ, ಓರೆಯಾಗಿ ಕೂರುವಂಥದ್ದು. ಇಂಥ ಎತ್ತರದ ಟೋಪಿ ಹಾಕುತ್ತಿದ್ದವರು ಮದ್ರಾಸ್ ಸ್ಯಾಪರ್ಸ್. ಅವರ ಬಾಯಲ್ಲಿ ಅದು ದುಪ್ತಾ. ಸೇತುವೆ ಕಟ್ಟುವುದು, ಕಂದಕ ತೋಡುವುದು, ಸುರಂಗ ಸಿಡಿಸುವುದು ಅವರ ಕೆಲಸ. ಹೆಸರು ಮದ್ರಾಸಿನದಾದರೂ ಠಾಣ್ಯ ಇದ್ದದ್ದು, ಈಗಲೂ ಇರುವುದು, ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ. ಈಗಿನ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್, ಎಂಇಜಿ ಅಂದರೆ ಆಟೋದವರಿಗೂ ಗೊತ್ತು. ಸ್ಯಾಪರ್ಸ್ ಅಂತ ಖಚಿತವಾಗಿ ಗೊತ್ತಿರುವ ಆ ಕಾಲದ ಗುಂಪು ಫೋಟೊಗಳ ಪಕ್ಕ ನಮ್ಮದನ್ನಿಟ್ಟು ನೋಡಿದೆ. ಟೋಪಿ ಹೊಂದಿತು.

ಪ್ಯಾಲೆಸ್ಟೈನಿನ ಈಚಲಮರ? ರಟ್ಟಿನ ಕೆಳಮೂಲೆಗೆ ಟಾರ್ಚನ್ನು ಮಲಗಿಸಿ ಹಿಡಿದಾಗ ಸ್ಟುಡಿಯೊದ ಉಬ್ಬುಮುದ್ರೆ ಕಂಡಿತು. ಸ್ಟುಡಿಯೊ ಹೆಸರು ಅಳಿಸಿತ್ತು, "ಬ್ಯಾಂಗಲೋರ್" ಉಳಿದಿತ್ತು. ಗೊತ್ತಾದ ಮೇಲೆ ನೋಡಿದರೆ ಪರದೆಯ ಮಡಿಕೆ ಹೊಂಡದ ನೀರನ್ನು ಎರಡು ಭಾಗ ಮಾಡಿದೆ, ಬೂಟಿನ ಕೆಳಗೆ ಚಾಪೆಯ ಅಂಚು ಕಾಣುತ್ತಿದೆ. ಎಪ್ಪತ್ತು ವರ್ಷ ದಿನಾ ನೋಡಿದ ಚಾಪೆ!

ಇಷ್ಟಾದರೂ ಇದೆಲ್ಲ ವೇಷಭೂಷಣದ ಸಾಕ್ಷಿ. ಹೆಸರಿನ ಸಾಕ್ಷಿ ದೇವರಮನೆಯಲ್ಲಿತ್ತು. ಅಜ್ಜಿ ಪೂಜಿಸುತ್ತಿದ್ದ "ರೆಕ್ಕೆ ಲಕ್ಷ್ಮಿ" ನಿಜಕ್ಕೂ ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್. ಅದರ ಜೊತೆಗೆ ಒಂದು ಬೆಳ್ಳಿಯ ಪದಕವೂ ಇತ್ತಂತೆ, ಅದು ಅತ್ತೆಯ ಕಾಲ್ಗೆಜ್ಜೆಯಾಗಿ ಕರಗಿಹೋಗಿದೆ. ಇದು ಚಿನ್ನದ ಮುಲಾಮಿನ ಕಂಚು, ಅಕ್ಕಸಾಲಿಗೆ ಬೇಡವಾದ್ದರಿಂದ ಉಳಿಯಿತು. ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕಿ ಮುಲಾಮು ಪೂರ್ತಿ ಹೋಗಿತ್ತು. ನಿಮ್ಮನೆಯಲ್ಲಿ ಇಂಥದ್ದಿದ್ದರೆ ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ಪದಕ ಪಡೆದವರ ನಂಬರು, ಹುದ್ದೆ, ಹೆಸರು, ದಳ ಎಲ್ಲವೂ ಅಂಚಿನ ಸುತ್ತ ಅಚ್ಚೊತ್ತಿರುತ್ತೆ. ನಮ್ಮದರ ಅಂಚಿನಲ್ಲಿ ಹಳೆ ಕುಂಕುಮ ಗಟ್ಟಿ ಕೂತಿತ್ತು. ಅದನ್ನು ಕೆರೆಯಲಿಲ್ಲ. ತೆಳು ಕಾಗದ ಸುತ್ತಿ ಮೆತ್ತನೆ ಪೆನ್ಸಿಲನ್ನು ಮಲಗಿಸಿ ಉಜ್ಜಿದೆ, ಚಿಕ್ಕಂದಿನಲ್ಲಿ ನಾಲ್ಕಾಣೆ ಮೇಲೆ ಉಜ್ಜುತ್ತಿದ್ದ ಹಾಗೆ. ನಂಬರಿನ ಎರಡು ಅಂಕಿ ಬರಲಿಲ್ಲ. ಆಮೇಲೆ "ಎಸ್‌ಪಿಆರ್", ಅಂದರೆ ಸ್ಯಾಪರ್, ತಾತನ ಹೆಸರು ಇಂಗ್ಲಿಷಿನವರ ಕೈಗೆ ಸಿಕ್ಕಿ ನುಜ್ಜುಗುಜ್ಜಾಗಿ, ಕೊನೆಗೆ "ಎಸ್ & ಎಂ".

ದೊಡ್ಡಪ್ಪ ರೈಲ್ವೆಯಲ್ಲಿದ್ದವರು. ಎಸ್ ಎಂ ಅಂದರೆ ಸದರ್ನ್ ಮರಾಠಾ ರೈಲ್ವೆ ಅಂತ ಪಟ್ಟು ಹಿಡಿದರು. ರೈಲ್ವೆ ನೌಕರ ಯಾಕೆ ಸ್ಯಾಪರ್ ಆಗುತ್ತಾನೆ ಅಂತ ಕೇಳಿದೆ. ಅದು ಸ್ಯಾಪರ್ಸ್ ಅಂಡ್ ಮೈನರ್ಸ್. ಸವಾರನಾಗಿದ್ದರೆ ಹುದ್ದೆಯ ಜಾಗದಲ್ಲಿ "ಸೋವಾರ್" ಅನ್ನೋದರ ಅಕ್ಷರಗಳಿರಬೇಕಿತ್ತು.

ನಡುವೆ ಒಂದು ವಾರ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ ಅದೇ ಹೆಸರಿನ ಒಬ್ಬ ಸ್ಯಾಪರ್ ಸಿಕ್ಕಿದ ಅಂತ ಕುಣಿದಿದ್ದೆ. ಅದು ಯುದ್ಧಕಾಲದಲ್ಲಿ ತೀರಿಹೋದವರ ಪಟ್ಟಿ. ನಮ್ಮ ಮುತ್ತಾತ ವಾಪಸ್ ಬಂದು ಐದು ಮಕ್ಕಳನ್ನು ಹೆತ್ತವರು. ಅತ್ತೆ ನೆನಪಿಸದಿದ್ದರೆ ಪರರ ತಾತನಿಗೆ ತಿಥಿ ಮಾಡಿಬಿಡುತ್ತಿದ್ದೆನೋ ಏನೋ.

ಪದಕ ಸಿಕ್ಕಿದೆ ಅಂದರೆ ರಣರಂಗಕ್ಕೆ ಹೋಗಿದ್ದರು. ಮೆಸೊಪೊಟೇಮಿಯಾಕ್ಕೋ, ಬೇರೆಲ್ಲಿಗೋ, ಅಂಚಿನ ಮೇಲೆ ಅದು ಇರುವುದಿಲ್ಲ. ಕಂಪನಿಯ ನಂಬರೂ ಇಲ್ಲ. ದೊಡ್ಡಪ್ಪನಿಗೆ ಸಮಾಧಾನವಾಗಲಿ ಅಂತ ಬೆಂಗಳೂರು ಟಾರ್ಪೆಡೊ ಕಥೆ ಹೇಳಿದೆ. ಮುಳ್ಳುತಂತಿಯ ಬೇಲಿ ಸಿಡಿಸುವ ಆ ಕೊಳವೆ ಹುಟ್ಟಿದ್ದು 1912ರಲ್ಲಿ ಇದೇ ಸ್ಯಾಪರ್ಸ್ ನಡುವೆ, ಇದೇ ಊರಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲೂ ಬಳಸಿದರು. ಅವರು ಕೇಳಿಸಿಕೊಂಡರು, ಏನೂ ಅನ್ನಲಿಲ್ಲ.

ಫೋಟೊವನ್ನು ಹೊಸ ಚೌಕಟ್ಟಿಗೆ ಹಾಕುವ ಮೊದಲು ಹಿಂದೆ ಪೆನ್ಸಿಲಿನಲ್ಲಿ ಬರೆದೆ: ಹೆಸರು, ಸ್ಯಾಪರ್, ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್, ಬೆಂಗಳೂರಿನ ಸ್ಟುಡಿಯೊದಲ್ಲಿ ತೆಗೆಸಿದ್ದು. ಹೋರಾಡಿದ ಜಾಗ ಅನ್ನೋದರ ಮುಂದೆ ಖಾಲಿ ಬಿಟ್ಟೆ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಹೈಫಾ ಅಂತ ಬರೀಬಹುದಲ್ಲ?"